ಇಬ್ಬರು ಡ್ರಮ್ಮರ್‌ಗಳಿಗೆ ಜಾಗ ಸಿಕ್ಕ ಕಥೆ

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಆಲ್ಬಂ ಬಗ್ಗೆ ಮಾತಾಡುತ್ತೇನೆ. ಅಮೆರಿಕದ ರಾಕ್ ತಂಡ ಆಲ್ಮನ್ ಬ್ರದರ್ಸ್ ಬ್ಯಾಂಡಿನ ‘ಆಟ್ ಫಿಲ್ಮೋರ್ ಈಸ್ಟ್’. 1971ರ ಮಾರ್ಚ್ 12 ಮತ್ತು 13ರಂದು ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ ಜನರ ಮುಂದೆ ನುಡಿಸಿದ್ದು. ಅದೇ ಜುಲೈನಲ್ಲಿ ಎರಡು ಎಲ್‌ಪಿಗಳ ಆಲ್ಬಂ ಆಗಿ ಹೊರಬಂತು. 2004ರಲ್ಲಿ ಸರೌಂಡ್ ಸೌಂಡ್, ಅಂದರೆ ಕೇಳುವವರ ಸುತ್ತಲಿಂದ ಬರುವ ಸದ್ದು, ಇರುವ ಎಸ್‌ಎಸಿಡಿಯಾಗಿ (ಸೂಪರ್ ಆಡಿಯೋ ಸಿಡಿ) ಮತ್ತೆ ಬಂತು. 2014ರಲ್ಲಿ ಆ ಎರಡು ದಿನಗಳ ನಾಲ್ಕೂ ಕಾರ್ಯಕ್ರಮಗಳನ್ನು ಸೇರಿಸಿ, ಬ್ಲೂ-ರೇ ಡಿಸ್ಕ್‌ಗಳಲ್ಲೂ ಸರೌಂಡ್‌ನಲ್ಲಿ ತಂದರು.

ಹಳೆಯ ಆಲ್ಬಂಗಳನ್ನು ಸರೌಂಡ್‌ಗೆ ತರುವುದು ಈಗ ದೊಡ್ಡ ವ್ಯಾಪಾರ. ಅವುಗಳಲ್ಲಿ ಎಷ್ಟಕ್ಕೋ ಅದರ ಅಗತ್ಯವೇ ಇಲ್ಲ ಅಂತ ನನಗೆ ಅನ್ನಿಸುತ್ತದೆ. ಆದರೆ ಈ ಆಲ್ಬಂಗೆ ಅಗತ್ಯ ಇತ್ತು. ಯಾಕೆ ಅಂತ ಹೇಳಲು ಮೊದಲು ವೇದಿಕೆ ಮೇಲೆ ಯಾರಿದ್ದರು ಅಂತ ನೋಡೋಣ.

ಡ್ವೇನ್ ಆಲ್ಮನ್ ಮತ್ತು ಡಿಕಿ ಬೆಟ್ಸ್, ಇಬ್ಬರು ಗಿಟಾರ್ ವಾದಕರು. ಇಬ್ಬರೂ ಮುಂದಾಳುಗಳೇ, ಒಬ್ಬರು ಇನ್ನೊಬ್ಬರಿಗೆ ಪಕ್ಕವಾದ್ಯ ಅಲ್ಲ. ಡ್ವೇನ್ ಅವರ ತಮ್ಮ ಗ್ರೆಗ್ ಆಲ್ಮನ್ ಆರ್ಗನ್ ನುಡಿಸುತ್ತಾ ಹಾಡುತ್ತಿದ್ದರು. ಬೆರಿ ಓಕ್ಲಿ ಬೇಸ್ ಗಿಟಾರ್. ಮತ್ತೆ ಇಬ್ಬರು ಡ್ರಮ್ಮರ್‌ಗಳು: ಬುಚ್ ಟ್ರಕ್ಸ್ ಮತ್ತು ಜೇಮೋ. 1969ರಲ್ಲಿ ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಇವರು ಒಟ್ಟು ಸೇರಿದರು. ಆಮೇಲೆ ಜಾರ್ಜಿಯಾದ ಮೇಕನ್ ಊರಿಗೆ ಬಂದು ನೆಲೆಸಿದರು. ಜೇಮೋ ಕಪ್ಪು ಜನಾಂಗದವರು, ಉಳಿದ ಐವರು ಬಿಳಿಯರು. ಆ ಕಾಲದ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇಂಥ ಒಂದು ಗುಂಪು ಒಂದೇ ಮನೆಯಲ್ಲಿ ಇದ್ದು, ಒಂದೇ ಗಾಡಿಯಲ್ಲಿ ಊರೂರು ಸುತ್ತುವುದು ಸಣ್ಣ ವಿಷಯ ಆಗಿರಲಿಲ್ಲ. ಇವರ ಸಂಗೀತಕ್ಕೆ ‘ಸದರ್ನ್ ರಾಕ್’ ಅಂತ ಹೆಸರು ಬಿತ್ತು. ಗ್ರೆಗ್‌ಗೆ ಆ ಹೆಸರು ಇಷ್ಟ ಇರಲಿಲ್ಲ. ರಾಕ್ ಹುಟ್ಟಿದ್ದೇ ದಕ್ಷಿಣದಲ್ಲಿ, ಮತ್ತೆ ಇದ್ಯಾಕೆ ಬೇರೆ ಹೆಸರು ಎನ್ನುವುದು ಅವರ ಮಾತು.

ಈಗ ರೆಕಾರ್ಡಿಂಗ್ ವಿಷಯ. ಇದರ ನಿರ್ಮಾಪಕ ಟಾಮ್ ಡೌಡ್. ಹುಡುಗನಾಗಿದ್ದಾಗ ಭೌತಶಾಸ್ತ್ರ ಕಲಿತು, ಅಣುಬಾಂಬ್ ತಯಾರಿಸಿದ ಮ್ಯಾನ್‌ಹಟನ್ ಯೋಜನೆಯಲ್ಲಿ ಕೆಲಸ ಮಾಡಿದವರು. ಆಮೇಲೆ ಅಟ್ಲಾಂಟಿಕ್ ರೆಕಾರ್ಡ್ಸ್ ಸೇರಿದರು. ಬೇರೆ ಸ್ಟುಡಿಯೋಗಳು ಎರಡು ಮೂರು ಟ್ರ್ಯಾಕ್‌ಗಳಲ್ಲಿ ಒದ್ದಾಡುತ್ತಿದ್ದಾಗ, 1950ರ ದಶಕದ ಕೊನೆಯಲ್ಲೇ ಅಲ್ಲಿ ಎಂಟು ಟ್ರ್ಯಾಕ್ ಮೆಷಿನ್ ತರಿಸಿದ್ದರು. ಫಿಲ್ಮೋರ್‌ನಲ್ಲಿ ಹದಿನಾರು ಟ್ರ್ಯಾಕ್ ಮೆಷಿನ್ ಇತ್ತು, ಹೊರಗೆ ನಿಂತ ಟ್ರಕ್ಕಿನೊಳಗೆ. ಪ್ರತಿ ವಾದ್ಯದ ಮೈಕಿಗೂ ಟೇಪಿನ ಮೇಲೆ ಬೇರೆ ಬೇರೆ ಜಾಗ. ಈ ಹದಿನಾರು ಟ್ರ್ಯಾಕ್‌ಗಳು ಉಳಿದುಕೊಂಡಿದ್ದರಿಂದಲೇ ಮೂವತ್ತು ವರ್ಷ ಕಳೆದ ಮೇಲೆ ಅವುಗಳನ್ನು ಬೇರೆ ರೀತಿ ಬೆರೆಸಿ ಸರೌಂಡ್ ಮಿಕ್ಸ್ ಮಾಡಲು ಸಾಧ್ಯ ಆಯಿತು. ಎರಡೇ ಟ್ರ್ಯಾಕಿಗೆ ಮಿಕ್ಸ್ ಆಗಿಹೋದ ಟೇಪ್ ಮಾತ್ರ ಇದ್ದಿದ್ದರೆ ಅದನ್ನು ಮತ್ತೆ ಬಿಡಿಸುವುದು ಸುಲಭ ಇರಲಿಲ್ಲ.

ಆದರೆ ವೇದಿಕೆಯ ರೆಕಾರ್ಡಿಂಗ್‌ನಲ್ಲಿ ಒಂದು ತೊಡಕು ಇದ್ದೇ ಇರುತ್ತದೆ. ಡ್ರಮ್ ಮುಂದಿಟ್ಟ ಮೈಕಿಗೆ ಗಿಟಾರೂ ಕೇಳಿಸುತ್ತದೆ. ಹಾಡುವ ಮೈಕಿಗೆ ಡ್ರಮ್ಮೂ ಕೇಳಿಸುತ್ತದೆ. ಸ್ಟುಡಿಯೋದಲ್ಲಾದರೆ ನಡುವೆ ಗೋಡೆ ಇಡಬಹುದು, ಇಲ್ಲಿ ಆಗಲ್ಲ. ಮೊದಲ ದಿನ ಬ್ಯಾಂಡ್ ಜೊತೆ ಸ್ಯಾಕ್ಸೊಫೋನ್ ನುಡಿಸುವವರೂ ವೇದಿಕೆ ಹತ್ತಿದ್ದರು. ಟ್ರಕ್ಕಿನಲ್ಲಿ ಕೂತಿದ್ದ ಡೌಡ್‌ಗೆ ಎದೆ ಧಸಕ್ಕೆಂದಿತು. ಆ ಸದ್ದು ಉಳಿದೆಲ್ಲ ಮೈಕುಗಳಿಗೂ ಸೋರುತ್ತಿತ್ತು, ಆಮೇಲೆ ತೆಗೆಯೋಣ ಅಂದರೂ ತೆಗೆಯಲಾಗದು. ಅವರನ್ನು ಕೈಬಿಡಲೇಬೇಕು ಅಂತ ಡೌಡ್ ಡ್ವೇನ್‌ಗೆ ಹಟ ಹಿಡಿದು ಹೇಳಿದರು. ರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ಎಲ್ಲರೂ ಅಟ್ಲಾಂಟಿಕ್ ಸ್ಟುಡಿಯೋಗೆ ಹೋಗಿ ಅಂದಿನ ಟೇಪ್ ಕೇಳುತ್ತಿದ್ದರು. ಯಾವ ಹಾಡು ಬಂತು, ಯಾವುದನ್ನು ಮತ್ತೆ ನುಡಿಸಬೇಕು ಅಂತ ಅಲ್ಲೇ ತೀರ್ಮಾನ. ಈ ಶಿಸ್ತು ನನಗೆ ಬಹಳ ಇಷ್ಟ.

ಸರಿ, 1971ರ ಸ್ಟೀರಿಯೋ ಮಿಕ್ಸ್‌ಗೆ ಬರೋಣ. ಡೌಡ್ ಎರಡು ಗಿಟಾರ್‌ಗಳನ್ನು ಎರಡು ಕಡೆಗೆ ಹಂಚಿದರು. ಇದರಿಂದ ಡ್ವೇನ್ ಯಾವುದು, ಬೆಟ್ಸ್ ಯಾವುದು ಅಂತ ಗೊತ್ತಾಗುತ್ತದೆ. ಇಬ್ಬರೂ ಜೊತೆಯಾಗಿ ಒಂದೇ ರಾಗವನ್ನು ಬೇರೆ ಬೇರೆ ಸ್ವರಗಳಲ್ಲಿ ಎಳೆಯುವಾಗ ಆ ಎರಡು ಎಳೆಗಳ ಚಂದವೂ ಸಿಗುತ್ತದೆ. ಗಿಟಾರ್ ಮಟ್ಟಿಗೆ ಅದು ಅಚ್ಚುಕಟ್ಟಾದ ಮಿಕ್ಸ್, ಅದರ ಬಗ್ಗೆ ನನ್ನ ತಕರಾರಿಲ್ಲ. ಕಷ್ಟಕ್ಕೆ ಸಿಕ್ಕಿದವರು ಡ್ರಮ್ಮರ್‌ಗಳು. ಟ್ರಕ್ಸ್ ಗಟ್ಟಿಯಾಗಿ, ನೇರವಾಗಿ, ಬ್ಯಾಂಡನ್ನು ಮುಂದಕ್ಕೆ ತಳ್ಳುತ್ತಾ ಬಾರಿಸುವವರು. ಜೇಮೋ ಜಾಝ್ ಕೇಳಿ ಬೆಳೆದವರು. ಪೆಟ್ಟಿನ ಹಿಂದೆ ಮುಂದೆ ಆಡುತ್ತಾ, ಟ್ರಕ್ಸ್ ಬಿಟ್ಟ ಸಂದಿಗಳನ್ನು ತುಂಬುತ್ತಾರೆ. ಎರಡು ಸ್ಪೀಕರ್‌ನಲ್ಲಿ ಇವರಿಬ್ಬರೂ ಸೇರಿ ಒಬ್ಬನೇ ದೈತ್ಯ ಡ್ರಮ್ಮರ್ ಹಾಗೆ ಕೇಳುತ್ತಾರೆ. ಆರ್ಗನ್ನೂ ಅದೇ ಗದ್ದಲದಲ್ಲಿ ಮುಳುಗುತ್ತದೆ.

ಸರೌಂಡ್ ಅಂದರೆ 5.1. ಎದುರಿಗೆ ಮೂರು ಸ್ಪೀಕರ್, ಕೇಳುವವರ ಹಿಂಬದಿಯ ಎರಡು ಪಕ್ಕಕ್ಕೆ ಎರಡು, ತಗ್ಗಿನ ಸದ್ದಿಗೆ ಒಂದು ಸಬ್‌ವೂಫರ್. ಜಾಗ ಜಾಸ್ತಿ ಆದ ಕೂಡಲೇ ಕೆಲವು ಮಿಕ್ಸ್ ಮಾಡುವವರಿಗೆ ಆಟ ಶುರುವಾಗುತ್ತದೆ. ಗಿಟಾರ್ ತಲೆ ಸುತ್ತ ಗಿರಗಿರ ತಿರುಗುತ್ತದೆ, ಹಾಡುವವರು ಬೆನ್ನ ಹಿಂದಿನಿಂದ ಹಾಡುತ್ತಾರೆ. ಸ್ಟುಡಿಯೋದಲ್ಲೇ ಕಟ್ಟಿದ ಸಂಗೀತಕ್ಕೆ ಅದು ಕೆಲವೊಮ್ಮೆ ಒಪ್ಪುತ್ತದೆ. ಸಭಾಂಗಣದಲ್ಲಿ ನುಡಿಸಿದ್ದಕ್ಕೆ ಖಂಡಿತ ಒಪ್ಪಲ್ಲ. ಅಲ್ಲಿ ವಾದ್ಯದವರು ಎದುರಿಗೇ ಇರಬೇಕು, ಹಿಂದೆ ಜನರ ಚಪ್ಪಾಳೆ ಮತ್ತು ಸಭಾಂಗಣದ ಪ್ರತಿಧ್ವನಿ ಬರಬೇಕು. ಹೆಚ್ಚಾದ ಜಾಗವನ್ನು ವಾದ್ಯಗಳ ನಡುವಿನ ನೂಕುನುಗ್ಗಲು ಕಡಿಮೆ ಮಾಡಲು ಬಳಸಬೇಕು. ಹಾಗೆ ಮಾಡಿದಾಗ ಟ್ರಕ್ಸ್ ಒಬ್ಬರು, ಜೇಮೋ ಇನ್ನೊಬ್ಬರು ಅಂತ ಕಿವಿಗೆ ಬಿಡಿಬಿಡಿಯಾಗಿ ಸಿಗುತ್ತಾರೆ.

ಎಸ್‌ಎಸಿಡಿ ಸೆಕೆಂಡಿಗೆ 28 ಲಕ್ಷಕ್ಕೂ ಜಾಸ್ತಿ ಸಲ ಸದ್ದನ್ನು ಅಳೆಯುತ್ತದೆ, ಸಿಡಿ 44,100 ಸಲ ಅಂತೆಲ್ಲ ಜಾಹೀರಾತುಗಳಲ್ಲಿ ಓದಿರುತ್ತೀರಿ. ಎರಡರ ವಿಧಾನವೇ ಬೇರೆ, ಆದ್ದರಿಂದ ಆ ಅಂಕಿಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಈ ಆಲ್ಬಂನಲ್ಲಿ ನಮ್ಮ ಕಿವಿಗೆ ದೊಡ್ಡ ವ್ಯತ್ಯಾಸ ತರುವುದು ಸ್ಪೀಕರ್‌ಗಳು ಹಂಚಿಕೊಂಡ ಜಾಗವೇ.

‘ವಿಪ್ಪಿಂಗ್ ಪೋಸ್ಟ್’ ಹಾಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಇದು ಇಲ್ಲಿ 23 ನಿಮಿಷ ಇದೆ, ಎಲ್‌ಪಿಯ ಒಂದಿಡೀ ಬದಿ. ಓಕ್ಲಿಯ ಬೇಸ್ ಒಂದೇ ಶುರು ಮಾಡುತ್ತದೆ. ಆ ಆರಂಭಕ್ಕೆ ಹನ್ನೊಂದು ಎಣಿಕೆ. ಲಯದ ಪರಿಚಯ ಇರುವ ನೀವು ಅದನ್ನು ಹೀಗೆ ಹೇಳಿಕೊಂಡು ಕೇಳಬಹುದು: ತಕಿಟ, ತಕಿಟ, ತಕಿಟ, ತಕ. ಕೊನೆಯ ‘ತಕ’ದಲ್ಲಿ ಒಂದು ಎಣಿಕೆ ಕಡಿಮೆ ಬೀಳುವುದರಿಂದ ಪ್ರತಿ ಸುತ್ತೂ ಮುಂದಕ್ಕೆ ಮುಗ್ಗರಿಸಿದ ಹಾಗೆ ಆಗುತ್ತದೆ. ಹಾಡು ಬರೆದ ಗ್ರೆಗ್‌ಗೆ ಅದು ಹನ್ನೊಂದು ಅಂತಲೇ ಗೊತ್ತಿರಲಿಲ್ಲ, ಅಣ್ಣ ಡ್ವೇನ್ ಹೇಳಿದ ಮೇಲೆ ಗೊತ್ತಾಯಿತು. ಲೆಕ್ಕ ಹಾಕಿ ಕಟ್ಟಿದ್ದಲ್ಲ, ಕೈಗೆ ಬಂದದ್ದು. ಹಾಡು ಮುಗಿದು ಸದ್ದು ಕರಗುವಾಗ ಗಮನ ಇಟ್ಟು ಕೇಳಿ, ಮುಂದಿನ ‘ಮೌಂಟನ್ ಜ್ಯಾಮ್’ ಆಗಲೇ ಶುರುವಾಗಿರುತ್ತದೆ. ಅರ್ಧ ಗಂಟೆಗೂ ಜಾಸ್ತಿ ನಡೆಯುವ ಅದಕ್ಕೆ ಈ ಆಲ್ಬಂನಲ್ಲಿ ಜಾಗ ಇರಲಿಲ್ಲ. 1972ರ ‘ಈಟ್ ಎ ಪೀಚ್’ನಲ್ಲಿ, ಎಲ್‌ಪಿಯ ಎರಡು ಬದಿಗೆ ಸೀಳಿ ಹಾಕಿದರು. ಸಿಡಿ ಬಂದ ಮೇಲೆ ಆ ತೊಂದರೆ ತಪ್ಪಿತು.

ಡ್ವೇನ್‌ಗೆ ಇದನ್ನೆಲ್ಲ ನೋಡುವ ಅವಕಾಶ ಸಿಗಲಿಲ್ಲ. ಆಲ್ಬಂಗೆ ಭಾರಿ ಮಾರಾಟಕ್ಕೆ ಕೊಡುವ ‘ಗೋಲ್ಡ್’ ಮನ್ನಣೆ ಸಿಕ್ಕ ಅದೇ ತಿಂಗಳಲ್ಲಿ, 1971ರ ಅಕ್ಟೋಬರ್ 29ರಂದು, ಮೇಕನ್‌ನಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಹೋದರು. ವಯಸ್ಸು 24. ಮರುವರ್ಷ ನವೆಂಬರ್‌ನಲ್ಲಿ ಓಕ್ಲಿ ಕೂಡ ಅದೇ ಊರಲ್ಲಿ, ಅಲ್ಲೇ ಹತ್ತಿರದಲ್ಲಿ, ಅದೇ ರೀತಿ ಹೋದರು. ಅವರಿಗೂ 24. ಇಬ್ಬರನ್ನೂ ಮೇಕನ್‌ನ ರೋಸ್ ಹಿಲ್ ಸ್ಮಶಾನದಲ್ಲಿ ಮಣ್ಣು ಮಾಡಿದ್ದಾರೆ. ಅಲ್ಲಿನ ಒಂದು ಹಳೆಯ ಸಮಾಧಿಯ ಕಲ್ಲಿನ ಮೇಲಿದ್ದ ಹೆಸರನ್ನೇ ಬೆಟ್ಸ್ ತನ್ನ ರಚನೆಗೆ ಇಟ್ಟಿದ್ದರು: ‘ಇನ್ ಮೆಮರಿ ಆಫ್ ಎಲಿಜಬೆತ್ ರೀಡ್’.

ಈಗ ಅದನ್ನೇ ಹಾಕುತ್ತೇನೆ. ಸುಮಾರು 13 ನಿಮಿಷ, ಮಾತಿಲ್ಲ, ಬರೀ ವಾದ್ಯ. ಪಕ್ಕದಲ್ಲಿ ಕೂತವರು ದಯವಿಟ್ಟು ಮಧ್ಯದ ಕುರ್ಚಿಗಳಿಗೆ ಬನ್ನಿ, ಅಲ್ಲಿ ಐದೂ ಸ್ಪೀಕರ್ ಸಮವಾಗಿ ಕೇಳುತ್ತವೆ. ಮೊದಲ ಸಲ ಗಿಟಾರ್ ಬಿಟ್ಟು ಜೇಮೋ ಒಬ್ಬರನ್ನೇ ಹಿಂಬಾಲಿಸಿ. ಆಮೇಲೆ ಸ್ಟೀರಿಯೋದಲ್ಲಿ ಇದನ್ನೇ ಮತ್ತೆ ಹಾಕುತ್ತೇನೆ. ಯಾವುದು ಇಷ್ಟ ಆಯಿತು ಅಂತ ನೀವೇ ಹೇಳಿ, ಚರ್ಚೆ ಮಾಡೋಣ.