ವ್ಯಾಪಾರ ಕುದುರದಿದ್ದರೆ ಮುಂದೇನು?

ಕೇಳುಗರಿಗೆ ನಮಸ್ಕಾರ. ಮಾತು ಬಲ್ಲವನಿಗೆ ಒಳ್ಳೇ ರೇಟು ಸಿಗುತ್ತೆ ಅನ್ನೋ ನಂಬಿಕೆಯನ್ನ ದಯವಿಟ್ಟು ಇವತ್ತೇ ಬಿಡಿ. ಗೇಮ್ ಥಿಯರಿ, ಅಂದರೆ ಎದುರಿನವರ ನಡೆ ನೋಡಿ ನಮ್ಮ ನಡೆ ಆರಿಸೋ ಲೆಕ್ಕ, ಅದರ ಪಾಠ ಮಾಡುವವನಾಗಿ ನಾನು ಹೇಳೋದು ಒಂದೇ: ಚೌಕಾಸಿಗೆ ಕೂರುವ ಮುಂಚೆ, 'ಈ ವ್ಯಾಪಾರ ಕುದುರದಿದ್ದರೆ ನಾನೇನು ಮಾಡ್ತೀನಿ?' ಅಂತ ಕೇಳಿಕೊಳ್ಳಿ. 1950ರಲ್ಲಿ, 21ರ ಹರೆಯದ ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್ ಚೌಕಾಸಿಯನ್ನ ಗಣಿತಕ್ಕೆ ಇಳಿಸಿದಾಗಲೂ ಲೆಕ್ಕ ಶುರುವಾಗಿದ್ದು ಇಲ್ಲಿಂದಲೇ. ಮಾತು ಮುರಿದರೆ ಯಾರ ಕೈಲಿ ಹೆಚ್ಚು ಉಳಿಯುತ್ತೋ, ಮಾತು ಕೂಡಿದಾಗಲೂ ಅವರ ಪಾಲೇ ಹೆಚ್ಚು.

ಮೂಡಿಗೆರೆ ಕಡೆ ನನ್ನ ಪರಿಚಯದ ಕಾಫಿ ಬೆಳೆಗಾರರೊಬ್ಬರು ಇದ್ದಾರೆ. ರೋಬಸ್ಟಾ ಚೆರ್ರಿ ಒಣಗಿಸಿ ಮಾರೋರು. ವ್ಯಾಪಾರಿ ಬರ್ತಿದ್ದದ್ದು ಯಾವಾಗ ಗೊತ್ತೇ? ಬಟವಾಡೆಯ ಹಿಂದಿನ ಸಂಜೆ. ಕಣದಿಂದ ಒಂದು ಹಿಡಿ ಎತ್ತಿ, ಅಂಗೈಲಿ ಕುಲುಕಿ, 'ಔಟ್‌ಟರ್ನ್ ಕಮ್ಮಿ ಬೀಳುತ್ತೆ ಸ್ವಾಮಿ', ಅಂದರೆ ಸಿಪ್ಪೆ ತೆಗೆದ ಮೇಲೆ ಸಿಗೋ ಬೀಜ ಕಮ್ಮಿ, ಅಂದು, 50 ಕೆ.ಜಿ. ಮೂಟೆಗೆ ಒಂದು ರೇಟು ಹೇಳಿ ಸುಮ್ಮನಾಗೋರು. ಇವರು ಮಳೆ, ಗೊಬ್ಬರ, ಕೂಲಿ ಎಲ್ಲಾ ತೆಗೆದು ವಾದ ಮಾಡೋರು. ವ್ಯಾಪಾರಿ ಸಮಾಧಾನವಾಗಿ ಕೇಳೋರು. ಬೆಳಗಾದರೆ ಕೂಲಿಗೆ ದುಡ್ಡಿಲ್ಲ ಅನ್ನೋದು ಅವರಿಗೆ ಗೊತ್ತಲ್ಲ!

ಮರುವರ್ಷ ಇವರು ಕುಯ್ಲಿಗೆ ಮೊದಲೇ ಸೊಸೈಟಿ ಸಾಲ ತೆಗೆದು ಬಟವಾಡೆ ದುಡ್ಡು ಎತ್ತಿಟ್ಟರು. ಸ್ಯಾಂಪಲ್ ಒಯ್ದು ಔಟ್‌ಟರ್ನ್ ನೋಡಿಸಿದರು. ಚಿಕ್ಕಮಗಳೂರಲ್ಲಿ ಇನ್ನೊಬ್ಬ ವ್ಯಾಪಾರಿಯ ರೇಟು ಕೇಳಿಕೊಂಡು ಬಂದರು. ಆ ಸಂಜೆ ಹಳೇ ವ್ಯಾಪಾರಿ ಬಂದು ರೇಟು ಹೇಳಿದಾಗ ವಾದವೇ ಇಲ್ಲ. 'ಇವತ್ತು ಕೊಡಲ್ಲ' ಅಂದರು, ಅಷ್ಟೇ. 'ನಾಳೆ ಬಟವಾಡೆಗೆ?' 'ಎತ್ತಿಟ್ಟಿದ್ದೀನಿ.' ವ್ಯಾಪಾರಿ ಜೇಬಿನಿಂದ ಕ್ಯಾಲ್ಕುಲೇಟರ್ ತೆಗೆದರು. ಅದೇ ತೋಟ, ಅದೇ ಕಾಫಿ, ರೇಟು ಏರಿತು. ಇದನ್ನ ಎಷ್ಟು ಸಲ ಹೇಳಿದರೂ ನನಗೆ ಸಾಲದು: ವ್ಯಾಪಾರ ಕುದುರದಿದ್ದರೆ ಮುಂದೇನು, ಅದನ್ನ ಮೊದಲು ಗಟ್ಟಿ ಮಾಡಿಕೊಳ್ಳಿ.

ಸಮಯ ಕಮ್ಮಿ ಇದೆ. ವರ್ಷಾ ವರ್ಷ ಅದೇ ವ್ಯಾಪಾರಿಯ ಮುಖ ನೋಡಬೇಕಲ್ಲ, ನಿಷ್ಠುರ ಯಾಕೆ ಅನ್ನೋರಿಗೆ ಒಂದು ಮಾತು. ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್ ಪ್ರತಿ ಸಲವೂ ಸಹಕರಿಸಬೇಕೋ ಕೈಕೊಡಬೇಕೋ ಅಂತ ಆರಿಸೋ ಕಂಪ್ಯೂಟರ್ ಪ್ರೋಗ್ರಾಂಗಳ ನಡುವೆ ಪಂದ್ಯ ನಡೆಸಿದಾಗ ಗೆದ್ದದ್ದು ಗಣಿತಜ್ಞ ಅನಾಟೊಲ್ ರಾಪೊಪೋರ್ಟ್ ಕಳಿಸಿದ ಪುಟ್ಟ ಪ್ರೋಗ್ರಾಂ. ಮೊದಲ ಸಲ ತಾನಾಗೇ ಸಹಕರಿಸುತ್ತೆ, ಆಮೇಲೆ ಎದುರಾಳಿ ಹಿಂದಿನ ಸಲ ಮಾಡಿದ್ದನ್ನೇ ಮಾಡುತ್ತೆ. ನೀವೂ ಸೌಜನ್ಯದಿಂದಲೇ ಶುರುಮಾಡಿ.

ಹಾಸನದ ಆಲೂಗಡ್ಡೆ ಬೆಳೆಗಾರರೇ, ನಿಮ್ಮ ಕಷ್ಟ ಹೆಚ್ಚಿನದು. ಒಣಗಿದ ಕಾಫಿಯ ಹಾಗೆ ಆಲೂ ಕಾಯೋದಿಲ್ಲ. ಅದಕ್ಕೇ ಗೆಡ್ಡೆ ಕೀಳುವ ಮುಂಚೆಯೇ ಎರಡನೇ ಖರೀದಿದಾರರನ್ನ ಮಾತಾಡಿಸಿ ಇಟ್ಟುಕೊಳ್ಳಿ. ನಮಸ್ಕಾರ.