ಸಿಡಿ ಕಪಾಟನ್ನು ಕಂಪ್ಯೂಟರಿಗೆ ಇಳಿಸುವಾಗ

ಸಂಗೀತಪ್ರಿಯರಿಗೆಲ್ಲ ನಮಸ್ಕಾರ.

ಸಿಡಿ ರಿಪ್ ಮಾಡಲು, ಎಂದರೆ ಅದರ ಹಾಡುಗಳನ್ನು ಕಂಪ್ಯೂಟರಿಗೆ ನಕಲಿಸಿಕೊಳ್ಳಲು, ಯಾವ ಉಚಿತ ಸಾಫ್ಟ್‌ವೇರ್ ಒಳ್ಳೆಯದು ಎಂದು ಕೇಳಿದವರಿಗೆ ನಾನು ತಿರುಗಿ ಕೇಳುವುದು ಇಷ್ಟೇ: ತಪ್ಪಾಗಿ ಓದಿದಾಗ ಅದು ನಿಮಗೆ ಹೇಳುತ್ತದೆಯೇ?

ಆಡಿಯೊ ಸಿಡಿಯಲ್ಲಿ ನಾವು ತಿಳಿದಂಥ ಫೈಲುಗಳಿಲ್ಲ. ಎಡ ಕಿವಿಗೂ ಬಲ ಕಿವಿಗೂ ನಾದವನ್ನು ಸೆಕೆಂಡಿಗೆ 44,100 ಸಲ ಅಳೆದ 16 ಬಿಟ್ ಸಂಖ್ಯೆಗಳು ಒಂದರ ಹಿಂದೊಂದು ಸಾಲುಗಟ್ಟಿವೆ, ಅಷ್ಟೇ. ಡೇಟಾ ಸಿಡಿಗಿರುವ ಇನ್ನೊಂದು ಪದರದ ದೋಷ ತಿದ್ದುಪಡಿ ಇದಕ್ಕಿಲ್ಲ. ಆಳವಾದ ಗೀರು ಬಿದ್ದಲ್ಲಿ ಓದಲಾಗದ ಸಂಖ್ಯೆಯ ಜಾಗಕ್ಕೆ ಡ್ರೈವ್ ಅಕ್ಕಪಕ್ಕ ನೋಡಿ ಅಂದಾಜಿನದೊಂದನ್ನು ತುಂಬಿ ಮುಂದೆ ಸಾಗಬಹುದು. ಕೂತು ಕೇಳಲು ಅಡ್ಡಿಯಿಲ್ಲ. ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕಾದ ಪ್ರತಿಗೆ ಅಂದಾಜು ಸಲ್ಲದು.

ವಿಂಡೋಸ್‌ನಲ್ಲಿ ಹಳೆಯ ಹುಲಿ ಎಕ್ಸಾಕ್ಟ್ ಆಡಿಯೊ ಕಾಪಿ. ದುಡ್ಡು ಕೊಡಬೇಕಿಲ್ಲ, ಆದರೆ ಅದರ ಮೂಲಸಂಕೇತ (ಸೋರ್ಸ್ ಕೋಡ್) ಮುಕ್ತವಲ್ಲ. ಅದೂ ಮುಕ್ತವಾಗಿರಲಿ ಎನ್ನುವವರಿಗೆ ಕ್ಯೂರಿಪ್ಪರ್ ಇದೆ. ಲಿನಕ್ಸ್‌ನವರಿಗೆ ವಿಪ್ಪರ್, ಕಮಾಂಡ್ ಬರೆಯುವ ಅಭ್ಯಾಸವಿರಬೇಕು. ಮೂರೂ ತಾವು ಓದಿದ ಹಾಡಿನ ಚೆಕ್‌ಸಮ್ಮನ್ನು, ಎಂದರೆ ಹಾಡಿನ ಸಂಖ್ಯೆಗಳನ್ನೆಲ್ಲ ಲೆಕ್ಕ ಹಾಕಿ ತೆಗೆದ ಗುರುತಿನ ಸಂಖ್ಯೆಯನ್ನು, ಅಕ್ಯುರೇಟ್‌ರಿಪ್ ಎಂಬ ಸಂಗ್ರಹಕ್ಕೆ ತಾಳೆ ಹಾಕುತ್ತವೆ. ಇನ್ನೆಲ್ಲೋ ಯಾರೋ ಅದೇ ಸಿಡಿಯನ್ನು ಬೇರೆ ಡ್ರೈವ್‌ನಲ್ಲಿ ಓದಿಸಿದಾಗಲೂ ಅದೇ ಸಂಖ್ಯೆ ಬಂದಿದ್ದರೆ, ನಿಮ್ಮ ಪ್ರತಿ ಸರಿಯಿದೆ ಎಂದು ನಿಶ್ಚಿಂತೆಯಿಂದಿರಬಹುದು.

ನಮ್ಮ ಕಷ್ಟ ಶುರುವಾಗುವುದೇ ಇಲ್ಲಿ. ಸಣ್ಣ ಕಂಪನಿಯೊಂದು ತಂದ ದಾಸರ ಪದಗಳ ಸಿಡಿಯನ್ನು ನಿಮಗಿಂತ ಮೊದಲು ಯಾರೂ ಓದಿಸದೇ ಇರಬಹುದು. ಆಗ ತಾಳೆ ಹಾಕಲು ಏನೂ ಸಿಗುವುದಿಲ್ಲ. ಉಪಾಯವಿದೆ. ಪ್ರತಿ ಹಾಡನ್ನೂ ಎರಡು ಸಲ ಓದಿಸಿ, ಎರಡರ ಚೆಕ್‌ಸಮ್ ಒಂದೇ ಇದೆಯೇ ನೋಡುವುದು. ವಿಪ್ಪರ್ ಇದನ್ನು ತಾನಾಗಿಯೇ ಮಾಡುತ್ತದೆ, ಎಕ್ಸಾಕ್ಟ್ ಆಡಿಯೊ ಕಾಪಿಯಲ್ಲಿ 'ಟೆಸ್ಟ್ ಅಂಡ್ ಕಾಪಿ' ಆರಿಸಬೇಕು. ಸಮಯ ಇಮ್ಮಡಿ ಹಿಡಿಯುತ್ತದೆ, ಹಿಡಿಯಲಿ.

ಅಂದಹಾಗೆ, ಒಂದೇ ತಟ್ಟೆಯಲ್ಲಿ ನೂರಾರು ಚಿತ್ರಗೀತೆ ತುಂಬಿ ಮಾರುತ್ತಿದ್ದರಲ್ಲ, ಆ ಎಂಪಿ3 ಸಿಡಿಗಳಿಗೆ ಈ ಯಾವ ಸರ್ಕಸ್ಸೂ ಬೇಡ. ಅವು ಡೇಟಾ ಸಿಡಿಗಳು, ನಕಲಿಸಿಕೊಂಡರೆ ಮುಗಿಯಿತು. ಅವನ್ನು ಫ್ಲಾಕ್ ಎಂಬ, ನಾದವನ್ನು ಕಳೆಯದೆ ಕುಗ್ಗಿಸುವ ಫೈಲ್ ಬಗೆಗೆ ಪರಿವರ್ತಿಸಿದರೆ ಫೈಲು ಊದಿಕೊಳ್ಳುತ್ತದೆ, ಎಂಪಿ3 ಮಾಡುವಾಗ ಕಳೆದುಹೋದ ನಾದ ಮರಳುವುದಿಲ್ಲ. ನಿಜವಾದ ಆಡಿಯೊ ಸಿಡಿಗಳಿಗೆ ಮಾತ್ರ ಫ್ಲಾಕ್. ಒಂದು ಬಿಟ್ಟೂ ಕಳೆಯದೆ ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಕೂರುತ್ತದೆ.

ಇನ್ನು ಹಾಡುಗಳ ಹೆಸರುಗಳು. 1990ರ ದಶಕದಲ್ಲಿ ಸಾವಿರಾರು ಜನ ತಮ್ಮ ಸಿಡಿಗಳ ಹಾಡಿನ ಪಟ್ಟಿಗಳನ್ನು ಕೂತು ಟೈಪ್ ಮಾಡಿ ಸಿಡಿಡಿಬಿ ಎಂಬ ಸಂಗ್ರಹಕ್ಕೆ ಕೊಟ್ಟರು. ಕೊನೆಗೆ ಅದು ಗ್ರೇಸ್‌ನೋಟ್ ಎಂಬ ಕಂಪನಿಯ ಸೊತ್ತಾಯಿತು. ಬದಲಿಗೆ ಹುಟ್ಟಿದ ಫ್ರೀಡಿಬಿ 2020ರಲ್ಲಿ ಬಾಗಿಲು ಹಾಕಿತು. ಆದ್ದರಿಂದಲೇ ನನ್ನ ಒಲವು ಮ್ಯೂಸಿಕ್‌ಬ್ರೈನ್ಸ್ ಎಂಬ ಸಂಗ್ರಹದ ಕಡೆಗೆ. ಅದರ ಮೂಲ ಮಾಹಿತಿಯನ್ನು ಯಾರು ಬೇಕಾದರೂ ಪೂರ್ತಿ ಇಳಿಸಿಕೊಳ್ಳಬಹುದು. ಅದರ ಜೊತೆಗಾರ ಪಿಕಾರ್ಡ್ ಎಂಬ ತಂತ್ರಾಂಶ ಮಾಹಿತಿಯನ್ನು ಫೈಲಿನೊಳಗೇ ಬರೆಯುತ್ತದೆ. ಒಳಗೇ ಇರಬೇಕೆಂಬುದು ನನ್ನ ಹಟ. ಪ್ಲೇಯರ್ ತನ್ನ ಖಾಸಗಿ ಕಡತದಲ್ಲಿ ಬರೆದಿಟ್ಟುಕೊಂಡದ್ದು ಆ ಪ್ಲೇಯರಿನೊಡನೆಯೇ ಹೋಗುತ್ತದೆ.

ಆದರೆ ಈ ತಂತ್ರಾಂಶಗಳ ಸಿದ್ಧ ಖಾನೆಗಳು ಪಾಪ್ ಸಂಗೀತದ ಅಳತೆಗೆ ಹೊಲಿದವು. ಪದ ಪುರಂದರದಾಸರದು, ಹಾಡಿದವರು ಭೀಮಸೇನ ಜೋಶಿ, 'ಆರ್ಟಿಸ್ಟ್' ಯಾರು? ಹಾಡಿದವರನ್ನು ಅಲ್ಲಿ ಹಾಕಿ, ದಾಸರನ್ನು 'ಕಂಪೋಸರ್' ಖಾನೆಯಲ್ಲಿ ಕೂರಿಸಿ. ಒಂದು ಸಿಡಿಯಲ್ಲಿ 'ಪಂಡಿತ್' ಸೇರಿಸಿ, ಇನ್ನೊಂದರಲ್ಲಿ ಬಿಟ್ಟರೆ ಪಟ್ಟಿಯಲ್ಲಿ ಇಬ್ಬರು ಜೋಶಿಗಳು ಕಾಣಿಸಿಕೊಳ್ಳುತ್ತಾರೆ. ರಾಗ, ತಾಳಗಳಿಗೆ ಫ್ಲಾಕ್‌ನಲ್ಲಿ ನೀವೇ ಖಾನೆ ಮಾಡಿಕೊಳ್ಳಬಹುದು. ಖಾನೆಯ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಬೇಕು, ಒಳಗೆ ರಾಗಕ್ಕೆ 'ಕಾಪಿ', ತಾಳಕ್ಕೆ 'ಆದಿ' ಎಂದು ಕನ್ನಡದಲ್ಲೇ ಬರೆಯಬಹುದು. ಮುಂದೊಂದು ದಿನ ಮನೆಯಲ್ಲಿರುವ ತೋಡಿಯೆಲ್ಲ ಒಟ್ಟಿಗೆ ಬೇಕೆನಿಸಿದರೆ ಒಂದು ಹುಡುಕಾಟಕ್ಕೆ ಸಿಗುತ್ತದೆ.

ಸಿಡಿ ಡಬ್ಬಿಯೊಳಗಿನ ಕಾಗದವನ್ನು ದಯವಿಟ್ಟು ಎಸೆಯಬೇಡಿ. ಎರಡೂ ಬದಿ ಸ್ಕ್ಯಾನ್ ಮಾಡಿ ಅದೇ ಫೋಲ್ಡರಿನಲ್ಲಿಡಿ. ಪಿಟೀಲು, ಮೃದಂಗ ಯಾರದೆಂಬುದು ಎಷ್ಟೋ ಸಲ ಅಲ್ಲಿ ಬಿಟ್ಟು ಇನ್ನೆಲ್ಲೂ ಬರೆದಿರುವುದಿಲ್ಲ. ಪಟ್ಟಿಯನ್ನು ಮ್ಯೂಸಿಕ್‌ಬ್ರೈನ್ಸ್‌ಗೆ ಸೇರಿಸುವಾಗ ಪಕ್ಕವಾದ್ಯದವರ ಹೆಸರನ್ನೂ ಹಾಕಿ; ಅದಕ್ಕೆ ಅಲ್ಲಿ ಪ್ರತ್ಯೇಕ ಜಾಗವಿದೆ.