ಬರೆಯದ ನಾಟಕದ ಹಬ್ಬಕ್ಕೆ ಬರ್ಲಿನ್‌ನಲ್ಲಿ ಚಪ್ಪರ

ಆತ್ಮೀಯ ಕೇಳುಗರೇ, ನಮಸ್ಕಾರ.

ನಾಟಕೋತ್ಸವ ನಡೆಸಲು ಹೊರಟವರ ಮುಂದೆ ಮೊದಲು ಬಂದು ನಿಲ್ಲುವ ಪ್ರಶ್ನೆ, ಯಾವ ನಾಟಕ ಎಂಬುದು. ಅದೊಂದು ತೀರ್ಮಾನವಾದರೆ ಎಷ್ಟು ಮಂದಿ ನಟರು, ಎಷ್ಟು ಹೊತ್ತಿನ ಆಟ, ಎಂಥ ರಂಗ, ಎಷ್ಟು ದೀಪ, ಕರಪತ್ರದಲ್ಲಿ ಬರೆಯುವುದೇನು ಎಂಬುದೆಲ್ಲ ಒಂದರ ಬೆನ್ನಿಗೆ ಒಂದು ಬಗೆಹರಿಯುತ್ತ ಹೋಗುತ್ತದೆ. ಈ ಹೊತ್ತು ನಾನು ಹೇಳಹೊರಟಿರುವುದು, ಆ ಮೊದಲ ಪ್ರಶ್ನೆಗೇ ಉತ್ತರವಿಲ್ಲದ ಒಂದು ಬಗೆಯ ಉತ್ಸವದ ವಿಚಾರ. ಇಂಪ್ರಾವ್ ಎಂದು ಹೆಸರಾದ ಆಶುನಾಟಕದಲ್ಲಿ ನಟರು ಬರಿಗೈಯಲ್ಲಿ ರಂಗಕ್ಕೆ ಬರುತ್ತಾರೆ, ಪ್ರೇಕ್ಷಕರಿಂದ ಒಂದು ಮಾತನ್ನೋ ಒಂದು ಜಾಗದ ಹೆಸರನ್ನೋ ಕೇಳಿ ಪಡೆಯುತ್ತಾರೆ, ಮತ್ತು ಅದರಿಂದಲೇ ಅಲ್ಲಿಯೇ ಆಟ ಕಟ್ಟುತ್ತಾರೆ. ಅದು ಹೆಚ್ಚಿನ ಪಾಲು ನಗೆಯಾಟವೇ ಆಗಿರುತ್ತದೆ. ಇಂಥ ಆಟಗಳ ಅಂತಾರಾಷ್ಟ್ರೀಯ ಉತ್ಸವಗಳು ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1995ರಿಂದ, ಷಿಕಾಗೋದಲ್ಲಿ 1998ರಿಂದ ಬೆಳೆದುಬಂದವು. ಬರ್ಲಿನ್‌ನಲ್ಲಿ 'ಡೀ ಗೊರಿಲ್ಲಾಸ್' ಎಂಬ ತಂಡ 2001ರಲ್ಲಿ ತನ್ನ ಉತ್ಸವವನ್ನು ಆರಂಭಿಸಿತು. ಆ ತಂಡದ ನೆಲೆ ನಗರದ ಕ್ರಾಯ್ಟ್ಸ್‌ಬೆರ್ಗ್ ಪ್ರದೇಶದ ರಾಟಿಬೋರ್ ಥಿಯೇಟರ್. ಇಂಥದೊಂದು ಹಬ್ಬವನ್ನು ಜರ್ಮನಿಯಲ್ಲಿ ನಡೆಸುವುದೆಂದರೆ ಏನೇನು ಎದುರಾಗುತ್ತದೆ ಎಂಬುದನ್ನು ನೋಡೋಣ.

ಬರೆಯದ ನಾಟಕವನ್ನು ಕಂಡು ಸರಕಾರಗಳು ಕಂಗಾಲಾದದ್ದು ಹೊಸದೇನಲ್ಲ. ಇಂದಿನ ಆಶುನಾಟಕದ ಹಿರಿಯರಲ್ಲಿ ಒಬ್ಬನಾದ ಕೀತ್ ಜಾನ್‌ಸ್ಟನ್ 1960ರ ದಶಕದಲ್ಲಿ ಲಂಡನ್‌ನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಕೆಲಸ ಮಾಡುತ್ತಿದ್ದಾಗ, ಇಂಗ್ಲೆಂಡಿನಲ್ಲಿ ಸಾರ್ವಜನಿಕವಾಗಿ ಆಡುವ ಪ್ರತಿಯೊಂದು ನಾಟಕದ ಹಸ್ತಪ್ರತಿಯೂ ಲಾರ್ಡ್ ಚೇಂಬರ್ಲೇನ್ ಎಂಬ ಅರಮನೆಯ ಅಧಿಕಾರಿಯ ಮೇಜಿಗೆ ಹೋಗಿ ಒಪ್ಪಿಗೆ ಪಡೆದು ಬರಬೇಕಿತ್ತು. 1737ರಲ್ಲಿ ಕಾನೂನಾದ ಈ ಕಟ್ಟಳೆ 1968ರಲ್ಲಿ ರದ್ದಾಯಿತು. ಆಡುವ ಗಳಿಗೆಯವರೆಗೂ ಇಲ್ಲದ ಮಾತಿಗೆ ಮುಂಚಿತವಾಗಿ ಒಪ್ಪಿಗೆ ಕೇಳುವುದು ಹೇಗೆ? ಜಾನ್‌ಸ್ಟನ್ ಕಂಡುಕೊಂಡ ದಾರಿ ಬಲು ಸರಳ: ಅದನ್ನು ನಾಟಕವೆಂದು ಕರೆಯದೆ, ಪ್ರೇಕ್ಷಕರ ಎದುರಿಗೆ ನಡೆಯುವ ಪಾಠ ಎಂದು ಕರೆದ. ಆತ ಮುಂದೆ ಕೆನಡಾದ ಕ್ಯಾಲ್ಗರಿಗೆ ಹೋಗಿ, 1977ರಲ್ಲಿ ಕುಸ್ತಿಯ ಅಖಾಡದ ಗದ್ದಲವನ್ನು ರಂಗಕ್ಕೆ ತರುವ ಹಂಬಲದಿಂದ ಥಿಯೇಟರ್‌ಸ್ಪೋರ್ಟ್ಸ್ ಎಂಬ ಪಂದ್ಯದಾಟವನ್ನು ಹುಟ್ಟುಹಾಕಿದ. ಸೋಜಿಗವೆಂದರೆ ಅದೇ ವರ್ಷ, ಅದೇ ದೇಶದ ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಮಾತಾಡುವ ನಟರು ಐಸ್ ಹಾಕಿಯ ಅಂಕಣವನ್ನೇ ಅನುಕರಿಸಿ, ತೀರ್ಪುಗಾರನನ್ನೂ ಜೆರ್ಸಿಗಳನ್ನೂ ಇಟ್ಟುಕೊಂಡು, ಆಟ ಹಿಡಿಸದಿದ್ದರೆ ಅಂಕಣದೊಳಕ್ಕೆ ಎಸೆಯಲೆಂದು ಪ್ರೇಕ್ಷಕರ ಕೈಗೆ ಪಾದರಕ್ಷೆಗಳನ್ನೂ ಕೊಟ್ಟು, ಇನ್ನೊಂದು ಪಂದ್ಯದಾಟ ಆರಂಭಿಸಿದರು. ಇಂದಿಗೂ ಯುರೋಪಿನಲ್ಲಿ ಉತ್ಸವ ನಡೆಸುವವನು ಒಂದು ಸೂಕ್ಷ್ಮವನ್ನು ಮರೆಯುವಂತಿಲ್ಲ: ಮಾತು ಯಾರ ಸ್ವತ್ತೂ ಅಲ್ಲದಿದ್ದರೂ ಆಟದ ಚೌಕಟ್ಟಿಗೆ ಒಡೆಯನಿರಬಹುದು. ಥಿಯೇಟರ್‌ಸ್ಪೋರ್ಟ್ಸ್ ಎಂಬ ಹೆಸರಿನಲ್ಲಿ ಪಂದ್ಯ ನಡೆಸಬೇಕಾದರೆ ಅದರ ಅಂತಾರಾಷ್ಟ್ರೀಯ ಸಂಸ್ಥೆಯಿಂದ ಪರವಾನಗಿ ಪಡೆಯಬೇಕು.

ನಾಟಕವೇ ಇಲ್ಲವೆಂದ ಮೇಲೆ ಉತ್ಸವದವರು ಆರಿಸುವುದು ಏನನ್ನು? ಮನುಷ್ಯರನ್ನು. ನಮ್ಮ ಕರಾವಳಿಯ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಳಮದ್ದಳೆಯಲ್ಲಿ ಭಾಗವತರ ಪದ್ಯ ಮುಗಿದ ಮೇಲೆ ಅರ್ಥಧಾರಿಯ ಬಾಯಿಂದ ಬರುವ ಮಾತು ಯಾವ ಪುಸ್ತಕದಲ್ಲಿಯೂ ಬರೆದಿರುವುದಿಲ್ಲ. ಆದ್ದರಿಂದ ಕೂಟ ಏರ್ಪಡಿಸುವವನ ಜಾಣತನವೆಲ್ಲ, ಕರ್ಣನ ಅರ್ಥ ಯಾರು ಹೇಳಬೇಕು, ಅವರ ಎದುರಿಗೆ ಶಲ್ಯನಾಗಿ ಯಾರನ್ನು ಕೂರಿಸಬೇಕು ಎಂಬುದರಲ್ಲಿಯೇ ಇರುತ್ತದೆ. ಬರ್ಲಿನ್‌ನವರು ಮಾಡುವುದೂ ಬಹುಮಟ್ಟಿಗೆ ಇದನ್ನೇ. ಆದರೆ ಕರ್ಣನ ಕಥೆಯಾದರೂ ಇಬ್ಬರು ಅರ್ಥಧಾರಿಗಳಿಗೂ ಕೇಳುಗರಿಗೂ ಮೊದಲೇ ಗೊತ್ತು. ಅಲ್ಲಿ ಆ ಆಸರೆಯೂ ಇಲ್ಲ. ತಂಡಗಳು ತಮ್ಮ ಹಳೆಯ ಆಟವೊಂದರ ವಿಡಿಯೊ ಕಳಿಸುತ್ತವೆ. ಆಯ್ಕೆಗೆ ಕುಳಿತವರು ನೋಡುವುದು ಎಂದೂ ಮರಳಿ ಬಾರದ ಒಂದು ಆಟವನ್ನು. ಹಾಗಾಗಿ ಎಷ್ಟು ನಗು ಬಂತು ಎಂದು ಎಣಿಸುವುದಕ್ಕಿಂತ, ಜೊತೆಗಾರ ಎಡವಿದಾಗ ಉಳಿದವರು ಏನು ಮಾಡಿದರು ಎಂಬುದನ್ನು ನೋಡುವುದೇ ಒಳ್ಳೆಯ ಒರೆಗಲ್ಲು ಎಂದು ನನ್ನ ಎಣಿಕೆ. ನಗೆಗಾಗಿ ಜೊತೆಗಾರನ ಮಾತನ್ನು ತುಂಡರಿಸುವವನು ತನ್ನ ಊರಿನಲ್ಲಿ ಮೆರೆಯಬಹುದು. ಐದು ದೇಶಗಳ ಐವರನ್ನು ಒಂದೇ ರಂಗದ ಮೇಲೆ ನಿಲ್ಲಿಸಿದಾಗ ಅವನಿಂದ ಆಟ ಕೆಡುತ್ತದೆ. ಇಂಥ ಉತ್ಸವಗಳ ಜೀವಾಳ ಇರುವುದೇ ಈ ಮಿಶ್ರ ತಂಡಗಳಲ್ಲಿ. ಬೆಳಿಗ್ಗೆ ಪರಿಚಯವಾದವರು ರಾತ್ರಿ ಗಂಡಹೆಂಡಿರಾಗಿ, ಅತ್ತೆಸೊಸೆಯರಾಗಿ ರಂಗದ ಮೇಲೆ ಜಗಳವಾಡುತ್ತಾರೆ.

ಇನ್ನು ಆ ಐವರನ್ನು ಬರ್ಲಿನ್ ಮುಟ್ಟಿಸುವ ಮಾತು. ಅಮೆರಿಕ, ಕೆನಡಾ, ಜಪಾನ್ ದೇಶಗಳ ಪಾಸ್‌ಪೋರ್ಟ್ ಇದ್ದವರು ಷೆಂಗೆನ್ ಎಂಬ ಒಂದೇ ವೀಸಾದ ಒಕ್ಕೂಟದ, ಜರ್ಮನಿಯೂ ಸೇರಿದ ಯುರೋಪಿನ ದೇಶಗಳಿಗೆ ಅಲ್ಪಾವಧಿಗೆ ವೀಸಾ ಇಲ್ಲದೆ ಹೋಗಬಹುದು. ಭಾರತೀಯ ನಟ ಮಾತ್ರ ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಅಲ್ಲ, ಹದಿನೈದು ದಿನಕ್ಕಿಂತ ತಡವಾಗಿಯೂ ಅಲ್ಲ ಎಂಬ ನಿಯಮದಂತೆ ಅರ್ಜಿ ಹಾಕಬೇಕು, 2024ರ ಜೂನ್‌ನಿಂದ 90 ಯೂರೋ ಆಗಿರುವ ಶುಲ್ಕ ಕಟ್ಟಬೇಕು, ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಭರಿಸುವ ಪ್ರಯಾಣ ವಿಮೆಯನ್ನೂ ತೋರಿಸಬೇಕು. ಅರ್ಜಿಯ ತೀರ್ಮಾನಕ್ಕೆ ಸಾಮಾನ್ಯವಾಗಿ ಹದಿನೈದು ದಿನ, ಕೆಲವೊಮ್ಮೆ ನಲವತ್ತೈದು ದಿನ. ಇದರ ಮೇಲೆ, ವೀಸಾ ದೊರೆತ ಮಾತ್ರಕ್ಕೆ ಸಂಭಾವನೆ ಪಡೆದು ಆಡುವ ಹಕ್ಕು ದೊರೆಯಿತೆಂದು ಅರ್ಥವಲ್ಲ. ಅದನ್ನು ಆಯಾ ದೇಶದ ಕಾನೂನು ಬೇರೆಯಾಗಿ ನೋಡುತ್ತದೆ. ಆದ್ದರಿಂದ ಆಹ್ವಾನಪತ್ರವನ್ನು ಬರೆಯುವುದೇ ಒಂದು ಸಾಹಿತ್ಯಪ್ರಕಾರ. ನಿಮ್ಮ ನಾಟಕ ಯಾವುದು, ಅದರಲ್ಲಿ ನಿಮ್ಮ ಪಾತ್ರ ಯಾವುದು ಎಂದು ವೀಸಾ ಕಚೇರಿಯ ಕಿಟಕಿಯ ಆಚೆಯಿಂದ ಯಾರಾದರೂ ಕೇಳಿದರೆ, ಗೊತ್ತಿಲ್ಲ ಎಂಬುದೇ ನಟನ ಪ್ರಾಮಾಣಿಕ ಉತ್ತರ. ಆ ಉತ್ತರದಿಂದ ವೀಸಾ ಹುಟ್ಟುವುದಿಲ್ಲ. ಜಾನ್‌ಸ್ಟನ್ ಪಾಠವೆಂದು ಕರೆದ ಹಾಗೆ ಇಲ್ಲಿಯೂ ಹೆಸರಿಡುವ ಕಲೆ ಬೇಕು: ಯಾವ ದಿನಾಂಕದಂದು, ಯಾವ ರಂಗಮಂದಿರದಲ್ಲಿ, ಎಷ್ಟು ಪ್ರದರ್ಶನ, ಎಷ್ಟು ಗಂಟೆಯ ತರಬೇತಿ ಶಿಬಿರ, ಊಟ ವಸತಿ ಯಾರದು ಎಂದು, ಗೊತ್ತಿರುವುದನ್ನೆಲ್ಲ ಖಚಿತವಾಗಿ ಬರೆದರೆ ಗೊತ್ತಿಲ್ಲದ ಆ ಒಂದು ಸಂಗತಿ ಅಷ್ಟಾಗಿ ಎದ್ದು ಕಾಣುವುದಿಲ್ಲ. ಅಷ್ಟೆಲ್ಲ ಮಾಡಿಯೂ ಒಬ್ಬನಿಗೆ ವೀಸಾ ಸಿಗದೇ ಹೋದರೆ, ಬೇರೆ ನಾಟಕದವರಿಗಿಲ್ಲದ ಒಂದು ಸೌಕರ್ಯ ಇವರಿಗಿದೆ. ಒಥೆಲೋ ಬರದಿದ್ದರೆ ಆ ನಾಟಕವಿಲ್ಲ. ಇಲ್ಲಿ ನಾಲ್ವರೇ ಆಡುತ್ತಾರೆ, ಅಥವಾ ಸಭಿಕರಲ್ಲಿ ಕುಳಿತ ಬಲ್ಲವರೊಬ್ಬರು ಎದ್ದು ಬರುತ್ತಾರೆ. ಆದರೆ ಹೀಗೆ ಬಿಟ್ಟುಹೋಗುವವರು ಪ್ರತಿಸಲವೂ ಏಷ್ಯ, ಆಫ್ರಿಕಗಳ ಕಡೆಯವರೇ ಆದರೆ ಅಂತಾರಾಷ್ಟ್ರೀಯ ಎಂಬ ಹೆಸರು ಫಲಕದ ಮೇಲಷ್ಟೇ ಉಳಿಯುತ್ತದೆ. ಅದಕ್ಕಾಗಿಯೇ ಆಹ್ವಾನಗಳು ಆರು ತಿಂಗಳ ಮೊದಲೇ ಹೊರಡಬೇಕು.

ಭಾಷೆಯ ವಿಷಯಕ್ಕೆ ಬರೋಣ. ಸಿನಿಮಾ ಉತ್ಸವದಲ್ಲಿ ಅಡಿಬರಹ ಇರುತ್ತದೆ, ಪರಭಾಷೆಯ ನಾಟಕಕ್ಕೂ ರಂಗದ ಮೇಲ್ಗಡೆ ಅನುವಾದ ಹಾಯಿಸಬಹುದು. ಇನ್ನೂ ಹುಟ್ಟದ ಮಾತನ್ನು ಅನುವಾದಿಸುವವರು ಯಾರು? ಹಾಗಾಗಿ ಮಿಶ್ರ ತಂಡಗಳ ಆಟ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತದೆ, ಮತ್ತು ಅಲ್ಲೊಂದು ವಿಚಿತ್ರ ಸಂಭವಿಸುತ್ತದೆ. ತಾಯಿನುಡಿಯಾಗಿ ಇಂಗ್ಲಿಷ್ ಉಳ್ಳವನು ಚುರುಕಾಗಿ ಹಾರಿಸುವ ಶ್ಲೇಷೆ ಸಭೆಯ ಮೂರನೆಯ ಸಾಲನ್ನೂ ಮುಟ್ಟದೆ ಬೀಳುತ್ತದೆ. ನಾಲ್ಕೇ ಮಾತು ಬಲ್ಲವನು ಆ ನಾಲ್ಕು ಮಾತನ್ನು ಹುಡುಕುತ್ತ ಪಡುವ ಪಾಡು ಇಡೀ ಸಭೆಯನ್ನು ನಗಿಸುತ್ತದೆ. ಉತ್ಸವದ ರಾತ್ರಿಗಳನ್ನು ಜೋಡಿಸುವವನು ಇದನ್ನು ಬಲ್ಲವನಾಗಿರಬೇಕು. ಮಾತಿನ ಆಟವೊಂದರ ಪಕ್ಕದಲ್ಲಿ ಮೈಯ ಆಟವೊಂದನ್ನು, ಅರ್ಥವಿಲ್ಲದ ಗಿಬ್ಬರಿಶ್ ನುಡಿಯಲ್ಲಿ ಒಬ್ಬ ಭಾಷಣ ಮಾಡಿ ಇನ್ನೊಬ್ಬ ಅದನ್ನು ಅನುವಾದಿಸುವ ಆಟವನ್ನು, ನಟರು ತಂತಮ್ಮ ತಾಯಿನುಡಿಯಲ್ಲಿಯೇ ಆಡಿ ದನಿಯಿಂದಲೇ ಅರ್ಥ ಮುಟ್ಟಿಸುವ ದೃಶ್ಯವನ್ನು ಇಡಬೇಕು. ಕನ್ನಡದಲ್ಲಿ ಬೈದರೂ ಬರ್ಲಿನ್‌ನವರಿಗೆ ಬೈಗುಳವೆಂದು ತಿಳಿಯುತ್ತದೆ. ಎಷ್ಟು ಹಳೆಯ ಜಗಳ ಎಂಬುದೂ ತಿಳಿಯುತ್ತದೆ.

ಸಭೆಯಿಂದ ಮಾತು ಬೇಡುವ ನಿರೂಪಕನ ಕೆಲಸ ನೋಡಲು ಸುಲಭ. ಒಂದು ಜಾಗದ ಹೆಸರು ಹೇಳಿ ಎಂದು ಕೇಳಿದರೆ, ಯಾವ ದೇಶದಲ್ಲಾದರೂ ಮೊದಲು ಬರುವ ಕೂಗು ಕಕ್ಕಸು ಎಂದೇ. ಇದು ಪ್ರೇಕ್ಷಕರ ತಪ್ಪಲ್ಲ, ಪ್ರಶ್ನೆಯ ತಪ್ಪು. ನಿಮ್ಮ ಅಜ್ಜಿ ಯಾರಿಗೂ ಮುಟ್ಟಗೊಡದ ವಸ್ತು ಯಾವುದಿತ್ತು ಎಂದು ಕೇಳಿ ನೋಡಿ. ಸಭೆ ಒಂದು ಗಳಿಗೆ ಸುಮ್ಮನಾಗುತ್ತದೆ, ಆಮೇಲೆ ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ ಒಂದು ಬೀಗದ ಕೈಯ ಮಾತನ್ನು ಹೇಳುತ್ತಾರೆ. ಪರದೇಶದ ನಟರಿಗೆ ಆ ಊರಿನ ಒಳಹೊಕ್ಕಲು ಇಂಥ ಉತ್ತರವೇ ಬಾಗಿಲು. ಆದಕಾರಣ ನಿರೂಪಕ ಸ್ಥಳೀಯನಾಗಿರುವುದು ಲೇಸು, ಅವನು ಜರ್ಮನಿನಲ್ಲಿ ಕೇಳಿ ಇಂಗ್ಲಿಷಿನಲ್ಲಿ ನಟರಿಗೆ ದಾಟಿಸುವವನಾದರೆ ಇನ್ನೂ ಲೇಸು.

ಕತ್ತಲಲ್ಲಿ ಕುಳಿತ ಇನ್ನೊಬ್ಬ ನಟನನ್ನು ಪ್ರೇಕ್ಷಕರು ನೋಡುವುದೇ ಇಲ್ಲ. ಸಾಮಾನ್ಯ ನಾಟಕದ ಬೆಳಕಿನವನ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ, ಇಂಥ ಮಾತಿಗೆ ಇಂಥ ದೀಪ ಎಂದು. ಆಶುನಾಟಕದ ಬೆಳಕಿನವನಿಗೆ ಅದಿಲ್ಲ. ದೃಶ್ಯ ಎಲ್ಲಿ ಮುಗಿಯಿತು ಎಂದು ತೀರ್ಮಾನಿಸಿ ದೀಪ ಆರಿಸುವವನು ಅವನೇ ಆದ್ದರಿಂದ, ಅವನೇ ಆ ಆಟದ ಸಂಪಾದಕ. ಎರಡು ಕ್ಷಣ ಮುಂಚೆ ಆರಿಸಿದರೆ ನಗೆ ಬಾಯಲ್ಲೇ ಉಳಿಯುತ್ತದೆ, ಎರಡು ಕ್ಷಣ ತಡವಾದರೆ ಒಳ್ಳೆಯ ದೃಶ್ಯ ಹಳಸುತ್ತದೆ. ದೂರದಿಂದ ಬರುವ ತಂಡಗಳು ಖರ್ಚಿಗೆ ಹೆದರಿ ತಮ್ಮ ಬೆಳಕಿನವನನ್ನು ಬಿಟ್ಟು ಬರುತ್ತವೆ. ಬಿಗಿಯಾದ ವೇಳಾಪಟ್ಟಿಯಲ್ಲಿ ಆ ತಂಡಕ್ಕೂ ಸ್ಥಳೀಯ ಬೆಳಕಿನವನಿಗೂ ಅರ್ಧ ಗಂಟೆಯಾದರೂ ಒಟ್ಟಿಗೆ ಕೂರಲು ಬಿಡುವು ಮಾಡಿಕೊಡುವುದು, ಬಣ್ಣದ ಕರಪತ್ರ ಅಚ್ಚು ಹಾಕಿಸುವುದಕ್ಕಿಂತ ದೊಡ್ಡ ಕೆಲಸ. ಕೀಬೋರ್ಡ್ ನುಡಿಸುವವರ ಬಗೆಗೂ ಇದೇ ಮಾತು.

ಹಣದ ವಿಚಾರ ಚಿಕ್ಕದು, ಆದರೆ ಚುಚ್ಚುವಂಥದು. ಈ ಆಟಕ್ಕೆ ಪರದೆ ಬೇಡ, ವೇಷ ಬೇಡ, ನಾಲ್ಕು ಕುರ್ಚಿ ಸಾಕು. ಹಡಗಿನಲ್ಲಿ ಸಾಗಿಸುವ ಸರಂಜಾಮು ಏನೂ ಇಲ್ಲ. ಖರ್ಚೆಲ್ಲ ಮನುಷ್ಯರ ಮೇಲೆಯೇ: ವಿಮಾನ, ಹಾಸಿಗೆ, ಊಟ. ಸಣ್ಣ ರಂಗಮಂದಿರದ ಟಿಕೆಟ್ ಹಣ ಅದಕ್ಕೆ ಸಾಲುವುದಿಲ್ಲವಾದ್ದರಿಂದ, ಬಂದ ನಟರಿಂದ ಹಗಲು ಹೊತ್ತು ತರಬೇತಿ ಶಿಬಿರಗಳನ್ನು ಮಾಡಿಸಿ ಅದರ ಶುಲ್ಕದಿಂದ ತೂಗಿಸುತ್ತಾರೆ. ಉಪಾಯ ಒಳ್ಳೆಯದೇ. ಆದರೆ ಹಗಲು ಶಿಬಿರದಲ್ಲಿದ್ದವರೇ ರಾತ್ರಿ ಪ್ರೇಕ್ಷಕರಾಗಿ ಕೂರುವುದರಿಂದ, ಕಲೆಗಾರರು ಕಲೆಗಾರರಿಗೇ ಆಡಿ ತೋರಿಸುವ ಒಳಕೂಟವಾಗಿಬಿಡುವ ಅಪಾಯ ಇಂಥ ಎಲ್ಲ ಉತ್ಸವಗಳಿಗೂ ಇದೆ. ಪಟ್ಟು ಬಲ್ಲವರ ನಗೆ ಬೇರೆ, ಪಕ್ಕದ ಬೀದಿಯಿಂದ ಮಳೆಗೆ ಹೆದರಿ ಒಳಬಂದವರ ನಗೆ ಬೇರೆ. ಎರಡನೆಯವರಿಗಾಗಿ ಪ್ರತಿ ರಾತ್ರಿ ಒಂದಿಷ್ಟು ಆಸನಗಳನ್ನು ಬಾಗಿಲಲ್ಲೇ ಮಾರಲು ಉಳಿಸಿಕೊಳ್ಳುವುದನ್ನು ನಾನು ಒಪ್ಪುತ್ತೇನೆ.

ಇನ್ನೊಂದು ಏರ್ಪಾಡು ಕಣ್ಣಿಗೆ ಬೀಳುವುದಿಲ್ಲ. ಬರೆದ ನಾಟಕದಲ್ಲಿ ಯಾರು ಯಾರನ್ನು ಎಲ್ಲಿ ಮುಟ್ಟುತ್ತಾರೆ ಎಂಬುದು ತಾಲೀಮಿನಲ್ಲಿಯೇ ನಿಶ್ಚಯವಾಗಿರುತ್ತದೆ. ಇಲ್ಲಿ ನಿನ್ನೆ ಪರಿಚಯವಾದವನು ಇಂದು ರಂಗದ ಮೇಲೆ ಎತ್ತಿಕೊಳ್ಳಬಹುದು, ಮುತ್ತಿಡಲು ಬರಬಹುದು. ಆದ್ದರಿಂದ ಆಟಕ್ಕೆ ಮೊದಲು ನಟರು ವೃತ್ತಾಕಾರವಾಗಿ ನಿಂತು, ನನ್ನ ಎಡ ಮಂಡಿ ನೋಯುತ್ತಿದೆ, ನನ್ನನ್ನು ಎತ್ತಬೇಡಿ, ಇಂಥ ವಿಷಯಕ್ಕೆ ನನ್ನನ್ನು ಎಳೆಯಬೇಡಿ ಎಂದು ಒಬ್ಬೊಬ್ಬರಾಗಿ ಹೇಳಿಕೊಳ್ಳುವ ಪದ್ಧತಿ ಬೆಳೆದಿದೆ. ಹಲವು ದೇಶಗಳ ಹೆಣ್ಣುಗಂಡುಗಳು ಕೂಡುವ ಕಡೆ, ಜೊತೆಗಾರ ನೀಡಿದ್ದಕ್ಕೆಲ್ಲ ಹೌದು ಎನ್ನಬೇಕು ಎಂಬ ಈ ಕಲೆಯ ಮೂಲಪಾಠಕ್ಕೆ ಇಂಥ ಕೆಲವು 'ಇಲ್ಲ'ಗಳ ಬೇಲಿ ಇರಲೇಬೇಕು. ಹತ್ತು ನಿಮಿಷದ ಈ ಕೆಲಸಕ್ಕೆ ವೇಳಾಪಟ್ಟಿಯಲ್ಲಿ ಜಾಗ ಇರಿಸದ ವ್ಯವಸ್ಥಾಪಕ ಆಮೇಲೆ ಕಷ್ಟಪಡುತ್ತಾನೆ.

ಉತ್ಸವ ಮುಗಿದು ನಟರೆಲ್ಲ ವಿಮಾನ ಹತ್ತಿದ ಮೇಲೂ ಕಾಗದದ ಕೆಲಸ ಉಳಿದಿರುತ್ತದೆ. ಜರ್ಮನಿಯಲ್ಲಿ ಸಂಗೀತದ ಹಕ್ಕುಗಳನ್ನು ನೋಡಿಕೊಳ್ಳುವ ಗೆಮಾ ಎಂಬ ಸಂಸ್ಥೆಯೊಂದಿದೆ. ಸಾರ್ವಜನಿಕವಾಗಿ ನುಡಿಸಿದ ಸಂಗೀತ ಅದರ ಸದಸ್ಯರದೇ ಎಂದು ಮೊದಲು ಭಾವಿಸಿಕೊಳ್ಳುವ ಪರಿಪಾಠ ಅಲ್ಲಿನ ನ್ಯಾಯಾಲಯಗಳಲ್ಲಿದೆ. ಅಲ್ಲವೆಂದು ತೋರಿಸುವ ಹೊಣೆ ಉತ್ಸವ ನಡೆಸಿದವರದು. ಹಾಗಾಗಿ ಶನಿವಾರ ರಾತ್ರಿ ಹಿಂದಿನ ಸಾಲಿನ ಹೆಂಗಸೊಬ್ಬಳ ಅಜ್ಜಿಯ ಬೀಗದ ಕೈಯನ್ನು ಕುರಿತು ಮೂವರು ನಟರು ಕಟ್ಟಿ ಹಾಡಿ, ಹಾಡಿದ ಮರುಗಳಿಗೆಯೇ ಮರೆತುಬಿಟ್ಟ ಗೀತೆಯ ಸಲುವಾಗಿ, ಸೋಮವಾರ ಬೆಳಿಗ್ಗೆ ವ್ಯವಸ್ಥಾಪಕ ಕಚೇರಿಯಲ್ಲಿ ಕುಳಿತು, ಕೃತಿಯ ಹೆಸರು, ರಚಿಸಿದವರು, ರಾಗ ಹಾಕಿದವರು, ಎಷ್ಟು ನಿಮಿಷ ಎಂಬ ಖಾಲಿ ಅಂಕಣಗಳ ಮುಂದೆ ಪೆನ್ನು ಹಿಡಿದು ಯೋಚಿಸುತ್ತಿರುತ್ತಾನೆ.

ನಮಸ್ಕಾರ.